ಮೊದಲು ತುಂಬಿಸಿ, ಆಮೇಲೆ ಜೋಡಿಸಿ

ನಿವೃತ್ತಿಯಾದ ಮೇಲೆ ಫರೀದಾಬಾದಿನ ಈ ಫ್ಲ್ಯಾಟಿಗೆ ಬಂದು ನೆಲೆ ನಿಂತಿದ್ದೇವೆ. ಪಕ್ಕದ ಮನೆಯಲ್ಲಿ ದಾವಣಗೆರೆ ಕಡೆಯ ಹುಡುಗಿಯೊಬ್ಬಳಿದ್ದಾಳೆ, ಹೊಸದಾಗಿ ಗುರುಗ್ರಾಮದ ಯಾವುದೋ ಕಂಪನಿ ಸೇರಿದ್ದಾಳೆ. ಮೊನ್ನೆ ಸಂಜೆ ಬಂದವಳು ಕಾಫಿ ಲೋಟ ಹಿಡಿದು ಮುಖ ಊದಿಸಿಕೊಂಡು ಕೂತಳು. ಬೇರೆ ಬೇರೆ ಊರಿನವರು ಕಳಿಸಿದ ಎಕ್ಸೆಲ್ ಹಾಳೆಗಳ ಕಸ ಗುಡಿಸುವುದೇ ಅವಳ ಕೆಲಸವಂತೆ. "ಇದಕ್ಕಾ ಆಂಟಿ ನಾನು ಇಷ್ಟು ಓದಿದ್ದು?" ಅಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅದೇ ಕಸ ಗುಡಿಸುತ್ತ ತಲೆ ನರೆಸಿಕೊಂಡವಳು ನಾನು. ಆ ಕೆಲಸ ಏನು, ಅದರಲ್ಲಿ ಎಲ್ಲಿ ಕಾಲು ಜಾರುತ್ತದೆ, ಯಾತಕ್ಕೆ ಪಟ್ಟು ಹಿಡಿಯಬೇಕು ಅನ್ನುವುದನ್ನು ಅವಳಿಗೆ ಬಾಯಲ್ಲಿ ಹೇಳಿದೆ. ಅರ್ಧ ಕೇಳಿ ಫೋನ್ ನೋಡತೊಡಗಿದಳು. ಅದಕ್ಕೇ ಬರೆದಿಡುತ್ತಿದ್ದೇನೆ. ಬಡ್ತಿ, ಹಾರ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬಿಟ್ಟಿದ್ದೇನೆ. ಶಾಲು ಬೀರುವಿನಲ್ಲಿದೆ, ಚೆನ್ನಾಗಿಯೇ ಇದೆ.

ನಾನು ತುಮಕೂರಿನವಳು. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ದೆಹಲಿಯ ಒಂದು ಕಚೇರಿಗೆ ಬಂದೆ. ಮಕ್ಕಳ ಲಸಿಕೆಯನ್ನು ತಂಪಾಗಿಡುವ ಫ್ರಿಜ್ಜುಗಳು ಯಾವ ಆರೋಗ್ಯ ಕೇಂದ್ರದಲ್ಲಿವೆ, ಯಾವುದು ನಡೆಯುತ್ತಿದೆ, ಯಾವುದು ಕೆಟ್ಟು ಕೂತಿದೆ ಎಂದು ನೋಡಿಕೊಳ್ಳುವುದು ನಮ್ಮ ಶಾಖೆಯ ಕೆಲಸ. ರಾಜ್ಯಗಳಿಂದ ಬಂದ ಮಾಹಿತಿಯನ್ನು ಒಟ್ಟು ಮಾಡಿ, ಕೆಟ್ಟವುಗಳ ಪಟ್ಟಿ ತಯಾರಿಸಿ ಮೇಲಕ್ಕೆ ಕಳಿಸಬೇಕು. ವರ್ಷಕ್ಕೊಮ್ಮೆ ಸಭೆ ಕೂತು ಆ ಪಟ್ಟಿಯ ಪ್ರಕಾರ ಹೊಸ ಫ್ರಿಜ್ಜು ಹಂಚುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ಕೇಂದ್ರ ಇನ್ನೊಂದು ವರ್ಷ ಕಾಯಬೇಕು. ಹೇಳುವುದಕ್ಕೆ ಇಷ್ಟು ಸುಲಭ.

ಮೊದಲೆಲ್ಲ ಮಾಹಿತಿ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಎರಡು ಸಾವಿರದ ಇಸವಿ ದಾಟುವಾಗ ಫ್ಲಾಪಿಯಲ್ಲಿ, ಆಮೇಲೆ ಇ-ಮೇಲಿನಲ್ಲಿ ಎಕ್ಸೆಲ್ ಹಾಳೆಗಳಾಗಿ ಬರತೊಡಗಿತು. ಇನ್ನು ನಮ್ಮ ಕಷ್ಟ ತೀರಿತು ಅಂದುಕೊಂಡೆವು. ಅಯ್ಯೋ, ಕಷ್ಟ ಶುರುವಾದದ್ದೇ ಆಗ! ನಾವು ಕಳಿಸಿದ ನಮೂನೆಯನ್ನು ಯಾರೂ ನೆಟ್ಟಗೆ ತುಂಬುತ್ತಿರಲಿಲ್ಲ. ಒಬ್ಬರು ಬೇರೆ ಕಡೆ ಟೈಪ್ ಮಾಡಿದ್ದನ್ನು ಇದ್ದ ಹಾಗೇ ಎತ್ತಿ ಇಲ್ಲಿ ಅಂಟಿಸುತ್ತಿದ್ದರು. ಆಗ ಅಂಕಿಗಳೆಲ್ಲ ಅಕ್ಷರಗಳಾಗಿ ಕೂತುಬಿಡುತ್ತಿದ್ದವು, ಕೂಡಿಸಿದರೆ ಸೊನ್ನೆ. ಇನ್ನೊಬ್ಬರು ಜಿಲ್ಲೆಯ ಹೆಸರನ್ನು ದೊಡ್ಡದಾಗಿ ಕಾಣಲೆಂದು ಹಾಳೆಯ ಹತ್ತಾರು ಚೌಕಗಳನ್ನು, ನಾವು ಮನೆಗಳು ಅನ್ನುತ್ತಿದ್ದವನ್ನು, ಒಂದು ಮಾಡಿ ನಡುವೆ ಬರೆಯುತ್ತಿದ್ದರು. ಮತ್ತೊಬ್ಬರು ಏನೂ ಬರೆಯದೆ ಬಣ್ಣ ಬಳಿಯುತ್ತಿದ್ದರು: ಕೆಂಪು ಅಂದರೆ ಕೆಟ್ಟಿದೆ, ಹಸಿರು ಅಂದರೆ ಸರಿಯಿದೆ, ಹಳದಿ ಅಂದರೆ ಏನು ಅಂತ ಅವರಿಗೇ ನೆನಪಿರುತ್ತಿರಲಿಲ್ಲ. ಕೆಲವರ ಹಾಳೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಪದದ ಹಿಂದೆ ಅಂಟಿಕೊಂಡಿರುತ್ತಿತ್ತು. ನೋಡಿದರೆ ಎರಡೂ ಒಂದೇ, ಕಂಪ್ಯೂಟರನ್ನು ಕೇಳಿದರೆ ಎರಡೂ ಬೇರೆ. ತಲೆ ಚಿಟ್ಟು ಹಿಡಿಯುತ್ತಿತ್ತು.

ಈ ರಾಮಾಯಣಕ್ಕೆ ನಮ್ಮ ಶಾಖೆಯಲ್ಲಿ ಎರಡು ಪರಿಹಾರಗಳಿದ್ದವು. ಒಂದು ನಮ್ಮ ಹಿರಿಯ ಟೈಪಿಸ್ಟ್ ಹರೀಶ್‌ಜಿಯವರದು. ಹಳೇ ದಿಲ್ಲಿಯ ಗಲ್ಲಿಯಲ್ಲಿ ಹುಟ್ಟಿ ಬೆಳೆದವರು, ಬೆರಳುಗಳು ಯಂತ್ರದ ಹಾಗೆ ಓಡುತ್ತಿದ್ದವು. ಬಂದ ಹಾಳೆಯನ್ನು ಮುದ್ರಿಸಿ ಪಕ್ಕದಲ್ಲಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಮತ್ತೆ ಟೈಪ್ ಮಾಡುವುದು ಅವರ ಮಾರ್ಗ. ಇನ್ನೊಂದು ನಮ್ಮ ಉಪನಿರ್ದೇಶಕ ಮಾಥುರ್ ಸಾಹೇಬರದು. ನಮೂನೆ ಸರಿಯಿಲ್ಲದ ಹಾಳೆಯನ್ನು ಅವರು ಓದುತ್ತಲೇ ಇರಲಿಲ್ಲ. "ವಾಪಸ್ ಕಳಿಸಿ" ಎಂದು ಎರಡು ಪದ ಹೇಳಿ ಚಹಾ ಕುಡಿಯುತ್ತಿದ್ದರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ತಮ್ಮ ಸಹಿ ಬಿದ್ದ ಕಡತ ಇಷ್ಟು ವರ್ಷದಲ್ಲಿ ಒಂದೂ ತಿರುಗಿ ಬಂದಿಲ್ಲ ಎನ್ನುವುದು ಅವರ ದೊಡ್ಡ ಹೆಮ್ಮೆ, ಹೊಸಬರು ಯಾರು ಬಂದರೂ ಅದನ್ನು ಮೊದಲ ದಿನವೇ ಹೇಳುತ್ತಿದ್ದರು. ವಾಪಸ್ ಹೋದ ಹಾಳೆ ತಿದ್ದಿಕೊಂಡು ಬರುವಷ್ಟರಲ್ಲಿ ಎಷ್ಟೋ ಸಲ ಹಂಚಿಕೆ ಮುಗಿದಿರುತ್ತಿತ್ತು.

ನಾನು ಮ್ಯಾಕ್ರೊ ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ಬೇಸತ್ತು. ಒಂದು ಮಧ್ಯಾಹ್ನ ಒಂದೇ ಥರದ ಖಾಲಿ ಸಾಲುಗಳನ್ನು ಅಳಿಸಿ ಅಳಿಸಿ ಸಾಕಾಗಿ, ಮೆನುವಿನಲ್ಲಿ ಏನೇನಿದೆ ನೋಡೋಣ ಅಂತ ಹುಡುಕುತ್ತಿದ್ದಾಗ ರೆಕಾರ್ಡ್ ಮಾಡುವ ಒಂದು ಗುಂಡಿ ಸಿಕ್ಕಿತು. ಅದನ್ನೊತ್ತಿ ಒಂದು ಸಲ ಕೆಲಸ ಮಾಡಿ ತೋರಿಸಿದರೆ ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಂಡು ಇನ್ನೊಂದು ಸಲ ತಾನೇ ಮಾಡುತ್ತದೆ. ಮೈ ಜುಮ್ಮೆಂದಿತು. ಆದರೆ ಮರುದಿನ ಅದನ್ನು ಬೇರೆ ರಾಜ್ಯದ ಹಾಳೆಯ ಮೇಲೆ ಓಡಿಸಿದಾಗ, ನಿನ್ನೆಯ ಹಾಳೆಯಲ್ಲಿ ಎಲ್ಲಿ ಖಾಲಿ ಸಾಲಿತ್ತೋ ಅದೇ ಜಾಗದ ತುಂಬಿದ ಸಾಲುಗಳನ್ನು ಅಳಿಸಿ ಹಾಕಿತು. ತೋರಿಸಿದ ಜಾಗವನ್ನು ಕಲಿತಿತ್ತು, ಕೆಲಸವನ್ನು ಕಲಿತಿರಲಿಲ್ಲ. ಹಾಗಾದರೆ ಮ್ಯಾಕ್ರೊ ಎನ್ನುವ ಆ ಆಜ್ಞೆಗಳ ಸಾಲನ್ನು ಕೈಯಿಂದಲೇ ಬರೆಯಬೇಕು ಎಂದು ಗೊತ್ತಾಯಿತು. ಭಾನುವಾರ ದರಿಯಾಗಂಜಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹುಡುಕಿ, ಮಾರುವ ಭಯ್ಯಾನ ಜೊತೆ ಚೌಕಾಸಿ ಮಾಡಿ ಒಂದು ದಪ್ಪ ಪುಸ್ತಕ ತಂದೆ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಓದಿದೆ. ಅರ್ಥವಾಗದ ಕಡೆ ಬೈದುಕೊಂಡು ಮತ್ತೆ ಓದಿದೆ. ಕಲಿತೇ ತೀರುತ್ತೇನೆ ಎಂಬ ಹಟ ಬಂದಿತ್ತು.

ನನ್ನ ಮ್ಯಾಕ್ರೊಗಳಿಗೆ ನಮ್ಮಮ್ಮನ ಅಡುಗೆಮನೆಯ ಹೆಸರಿಟ್ಟೆ. ಖಾಲಿ ಸಾಲು ಹಾರಿಸುವುದು 'ಮೊರ'. ಕಾಣದ ಖಾಲಿ ಜಾಗ ಸೋಸುವುದು 'ಜರಡಿ'. ಒಂದಾಗಿದ್ದ ಮನೆಗಳನ್ನು ಬಿಡಿಸುವುದು 'ಮೆಟ್ಟುಗತ್ತಿ'. ಎಲ್ಲವನ್ನೂ ಒಂದರ ಹಿಂದೆ ಒಂದು ಓಡಿಸುವ ದೊಡ್ಡ ಮ್ಯಾಕ್ರೊಗೆ ಒಂದು ಗುಂಡಿ ಮಾಡಿ, ಯಾವ ಹಾಳೆ ತೆರೆದರೂ ಕಾಣುವ ಹಾಗೆ ಎಕ್ಸೆಲ್ಲಿನ ಮೇಲಿನ ಮೂಲೆಯಲ್ಲಿಟ್ಟೆ. ಹರೀಶ್‌ಜಿ ಬೆನ್ನ ಹಿಂದೆ ನಿಂತು ನೋಡಿದರು. ತಾವು ಇಡೀ ದಿನ ಟೈಪ್ ಮಾಡುವ ಹಾಳೆ ಕಣ್ಣ ಮುಂದೆಯೇ ನೆಟ್ಟಗಾದದ್ದನ್ನು ಕಂಡು ತಮ್ಮ ಕುರ್ಚಿಗೆ ಹೋಗಿ ಕೂತರು. ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನ್ನ ಊಟದ ಡಬ್ಬಿಯ ಚಿತ್ರಾನ್ನಕ್ಕೂ ಕೈ ಹಾಕಲಿಲ್ಲ, ಅದು ನಿಜವಾದ ಕೋಪದ ಲಕ್ಷಣ.

ಆಮೇಲೆ ಮದುವೆ ಹಾಳೆಯ ಪ್ರಸಂಗ ನಡೆಯಿತು. ಮಾಥುರ್ ಸಾಹೇಬರ ಮಗಳ ಮದುವೆ ಗೊತ್ತಾಗಿತ್ತು. ಕರೆಯಬೇಕಾದವರ ಹೆಸರುಗಳನ್ನು ಅವರು ಎಕ್ಸೆಲ್ಲಿನಲ್ಲಿ ಬರೆದು, ತಾವೇ ಹೋಗಿ ಕರೆಯಬೇಕಾದವರಿಗೆ ಒಂದು ಬಣ್ಣ, ಪತ್ರ ಕಳಿಸಿದರೆ ಸಾಕಾದವರಿಗೆ ಇನ್ನೊಂದು ಬಣ್ಣ, ಹೆಂಡತಿಯ ಕಡೆಯವರಿಗೆ ಮತ್ತೊಂದು ಬಣ್ಣ ಬಳಿದಿದ್ದರು. ಒಂದು ದಿನ ನಾನು ಊಟಕ್ಕೆ ಎದ್ದುಹೋಗಿದ್ದಾಗ ನನ್ನ ಕಂಪ್ಯೂಟರಿನಲ್ಲಿ ಆ ಹಾಳೆ ತೆರೆದು ನೋಡುತ್ತಿದ್ದವರಿಗೆ, ನನ್ನ ಗುಂಡಿ ಕಣ್ಣಿಗೆ ಬಿದ್ದಿದೆ. ಇದೇನು ಮಾಡುತ್ತದೆ ನೋಡೋಣ ಅಂತ ಒತ್ತಿದ್ದಾರೆ. ಮ್ಯಾಕ್ರೊ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು. ಬಣ್ಣಗಳೆಲ್ಲ ಹೋದವು. ಒಂದೇ ಥರ ಬರೆದ ಸಾಲುಗಳಲ್ಲಿ ಒಂದನ್ನಷ್ಟೇ ಉಳಿಸುವುದು ಅದರ ನಿಯಮ. ಸಾಹೇಬರು ಲಾಜಪತ್ ನಗರದ ಶರ್ಮಾಗಳನ್ನೆಲ್ಲ ಬರೀ 'ಶರ್ಮಾಜಿ' ಎಂದು ಬರೆದಿದ್ದರಂತೆ. ಒಬ್ಬ ಶರ್ಮಾಜಿ ಉಳಿದರು, ಮಿಕ್ಕವರೆಲ್ಲ ಮದುವೆಯಿಂದ ಹೊರಗೆ. ಕೊನೆಗೆ ತಾನೇ ಸೇವ್ ಮಾಡಿಬಿಡುವ ಆ ಮ್ಯಾಕ್ರೊ ಓಡಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ ಎನ್ನುವುದು ಆ ದಿನ ಇಡೀ ಶಾಖೆಗೆ ತಿಳಿಯಿತು.

ಸಾಹೇಬರು ಕೂಗಾಡಲಿಲ್ಲ. "ಮೇಡಮ್, ಈ ವಸ್ತುವನ್ನು ನನ್ನ ಕಡತಗಳ ಹತ್ತಿರ ತರಬೇಡಿ" ಎಂದಷ್ಟೇ ಹೇಳಿದರು. ಹರೀಶ್‌ಜಿ ಆ ಸಂಜೆ ನನ್ನ ಹತ್ತಿರ ತಾವಾಗಿ ಬಂದು ಮಾತಾಡಿದರು, ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಈ ಕೆಲಸಕ್ಕೆ ಬಂದ ಹುಡುಗ ಹುಡುಗಿಯರೇ, ಅಂದಿನಿಂದ ನಾನು ಬಂದ ಮೂಲ ಹಾಳೆಯನ್ನು ಮುಟ್ಟುವುದನ್ನೇ ಬಿಟ್ಟೆ. ಮ್ಯಾಕ್ರೊ ಮೊದಲು ಒಂದು ನಕಲು ಮಾಡಿಕೊಳ್ಳಬೇಕು, ಕಡತದ ಹೆಸರು ತೋರಿಸಿ 'ಇದನ್ನೇನಾ?' ಎಂದು ಕೇಳಬೇಕು, ಹೌದೆಂದ ಮೇಲೆ ನಕಲಿನ ಮೇಲೆ ಮಾತ್ರ ಕೈ ಹಾಕಬೇಕು. ನೀವೂ ಹಾಗೇ ಮಾಡಿ.

ಇದಾಗಿ ಸ್ವಲ್ಪ ಕಾಲದ ಮೇಲೆ, ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಫೋನ್ ಬಂತು. ಹಿಮಾಚಲದ ಮೇಲ್ಭಾಗದ ಕಣಿವೆಯೊಂದರ ಆರೋಗ್ಯ ಕೇಂದ್ರದ ಸ್ಟೋರ್ ನೋಡಿಕೊಳ್ಳುವವರು, ನೇಗಿ ಎಂದು ಹೆಸರು. ಲೈನು ಗೊರಗುಟ್ಟುತ್ತಿತ್ತು, ಎರಡೆರಡು ಸಲ ಹೇಳಿಸಿಕೊಳ್ಳಬೇಕಾಯಿತು. ಆ ಕಣಿವೆಯ ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದದ್ದು ಅವರೊಬ್ಬರ ಹತ್ತಿರ, ಆದ್ದರಿಂದ ಎಲ್ಲರ ಹಾಳೆ ತುಂಬಿಸಿ ಕಳಿಸುತ್ತಿದ್ದವರೂ ಅವರೇ. ಅವರ ಕೇಂದ್ರದ ಫ್ರಿಜ್ಜು ಕೆಟ್ಟು ಬಹಳ ದಿನವಾಗಿತ್ತು. ಹಿಂದಿನ ವರ್ಷ ಅವರು ಕಳಿಸಿದ ಹಾಳೆ ನಮೂನೆ ಸರಿಯಿಲ್ಲವೆಂದು ನಮ್ಮಲ್ಲಿಂದ ವಾಪಸ್ ಹೋಗಿತ್ತು. ತಿದ್ದಿ ಕಳಿಸುವಷ್ಟರಲ್ಲಿ ಹಂಚಿಕೆ ಮುಗಿದಿತ್ತು.

ಹಿಮ ಬೀಳುವ ಊರಿಗೆ ಫ್ರಿಜ್ಜು ಯಾತಕ್ಕೆ ಎಂದು ನಾನು ದಡ್ಡಿಯ ಹಾಗೆ ಕೇಳಿಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. ಲಸಿಕೆ ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಚಳಿಗಾಲದಲ್ಲಿ ಒಲೆ ಉರಿಯುವ ಕೋಣೆಯಲ್ಲಿಟ್ಟರೆ ಸೆಕೆ, ಹೊರಗಿಟ್ಟರೆ ಕಲ್ಲು. ಕಣಿವೆಯ ದಾರಿ ಮುಚ್ಚಿದ ಮೇಲೆ ಕೆಳಗಿನಿಂದ ಏನೂ ಬರುವುದಿಲ್ಲ, ಚಳಿಗಾಲಕ್ಕೆ ಬೇಕಾದದ್ದನ್ನು ಮೊದಲೇ ತಂದಿಟ್ಟುಕೊಳ್ಳಬೇಕು, ಇಟ್ಟುಕೊಳ್ಳಲು ಫ್ರಿಜ್ಜೇ ಇಲ್ಲ. ಹಿಂದಿನ ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಿಗೆ ವಸಂತದವರೆಗೆ ಒಂದು ಚುಚ್ಚುಮದ್ದೂ ಸಿಕ್ಕಿರಲಿಲ್ಲವಂತೆ. "ಮೇಡಮ್‌ಜಿ, ಫ್ರಿಜ್ಜು ಕೊಡಿ ಅಂತ ನಾನು ಕೇಳ್ತಿಲ್ಲ. ನನ್ನ ಹಾಳೆ ವಾಪಸ್ ಮಾತ್ರ ಕಳಿಸಬೇಡಿ" ಎಂದರು. ಕಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಫೋನ್ ಇಟ್ಟ ಮೇಲೆ, ಆ ಮಾತು ಕೊಡಲು ನಾನು ಯಾರು ಎಂದು ಹೊಳೆಯಿತು. ಆದರೆ ಕೊಟ್ಟಾಗಿತ್ತು.

ಮಾರನೇ ದಿನ ಸಾಹೇಬರ ಕೋಣೆಗೆ ಹೋದೆ. ಈ ವರ್ಷ ಒಂದು ಹಾಳೆಯನ್ನೂ ವಾಪಸ್ ಕಳಿಸುವುದು ಬೇಡ, ಎಂಥ ಹಾಳೆ ಬಂದರೂ ನಾನು ನೆಟ್ಟಗೆ ಮಾಡಿಕೊಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, ಆ ಗುಂಡಿಯಿಂದಲಾ ಎಂದು ಕೇಳಿದರು. ಹೌದೆಂದೆ. ಶರ್ಮಾಗಳ ಮನೆಗಳಿಗೆ ಹೋಗಿ ಕ್ಷಮೆ ಕೇಳಿದ್ದು ಇನ್ನೂ ಅವರ ಮನಸ್ಸಿನಲ್ಲಿತ್ತು, ಬಡಪೆಟ್ಟಿಗೆ ಒಪ್ಪುವ ಹಾಗೆ ಕಾಣಲಿಲ್ಲ. ನಾನು ಜಗ್ಗಲಿಲ್ಲ. ನಕಲಿನ ಮೇಲೆ ಮಾತ್ರ ಓಡುವುದನ್ನು ಅವರ ಮುಂದೆಯೇ ಓಡಿಸಿ ತೋರಿಸಿದೆ. ಮೂಲ ಹಾಳೆ ಇದ್ದ ಹಾಗೇ ಉಳಿದದ್ದನ್ನು ತೆರೆದು ತೋರಿಸಿದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಅವರ ಮೇಜಿಗೆ ಬರುವ ಪಟ್ಟಿಯಲ್ಲಿ ರಾಜ್ಯ, ಜಿಲ್ಲೆ, ಕೇಂದ್ರ ಎಲ್ಲವೂ ಅಕಾರಾದಿಯಾಗಿ ಜೋಡಿಸಿರಬೇಕು. ಅಷ್ಟೇನಾ ಎಂದು ಖುಷಿಯಲ್ಲಿ ಬಂದು, ದೊಡ್ಡ ಮ್ಯಾಕ್ರೊದ ಶುರುವಿನಲ್ಲೇ ಜೋಡಿಸುವ ಸಾಲನ್ನು ಸೇರಿಸಿದೆ.

ಹಾಳೆಗಳು ಬರತೊಡಗಿದವು. ಪ್ರತಿಯೊಂದಕ್ಕೂ ತನ್ನದೇ ಒಂದು ಕಾಯಿಲೆ. ಒಂದು ರಾಜ್ಯದವರು ದಿನಾಂಕದಲ್ಲಿ ತಿಂಗಳನ್ನು ಮೊದಲು ಬರೆದಿದ್ದರು, ಫ್ರಿಜ್ಜು ಬರುವ ಮೊದಲೇ ಕೆಟ್ಟುಹೋಗಿರುವ ಹಾಗೆ ಕಾಣುತ್ತಿತ್ತು. ಇನ್ನೊಂದರಲ್ಲಿ ಜರಡಿಗೂ ಸಿಗದ ಬೇರೆ ಜಾತಿಯ ಖಾಲಿ ಜಾಗ, ಯಾವುದೋ ವೆಬ್ ಪುಟದಿಂದ ಎತ್ತಿ ಅಂಟಿಸಿದ್ದು. ಅದನ್ನು ಹಿಡಿಯಲು ಇಡೀ ದಿನ ಹೋಯಿತು. ಸಿಕ್ಕಾಗ ನಾನು ಮೇಜು ಕುಟ್ಟಿದ ಸದ್ದಿಗೆ ಆಚೆ ಶಾಖೆಯವರು ಇಣುಕಿ ನೋಡಿದರು. ಕಾಯಿಲೆ ಕಂಡಾಗೆಲ್ಲ ಮ್ಯಾಕ್ರೊಗೆ ಒಂದು ಸಾಲು ಸೇರಿಸಿದೆ. ಕೈಯಿಂದ ತಿದ್ದಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ತಿದ್ದಲಿಲ್ಲ. ಇವತ್ತು ಕೈಯಿಂದ ತಿದ್ದಿದ್ದು ಮುಂದಿನ ವರ್ಷ ಮತ್ತೆ ಬರುತ್ತದೆ. ಮನೆಯಲ್ಲಿ ಮಗಳು, "ಅಮ್ಮಾ, ತುಮ್ ಸಪ್ನೆ ಮೇ ಭೀ ಎಕ್ಸೆಲ್ ದೇಖ್ತೀ ಹೋ" ಎಂದು ರೇಗಿಸುತ್ತಿದ್ದಳು. ಹೌದು ಕಣೇ, ಕನಸಿನಲ್ಲೂ ಎಕ್ಸೆಲ್ಲೇ ಕಾಣುತ್ತೆ ಅನ್ನುತ್ತಿದ್ದೆ.

ನೇಗಿಯವರ ಹಾಳೆಯೂ ಬಂತು. ಅವರು ಅದನ್ನು ಬೇರೆಲ್ಲೋ ಟೈಪ್ ಮಾಡಿ ಎತ್ತಿ ಅಂಟಿಸಿದ್ದರು, ಕಣಿವೆಯ ಹೆಸರನ್ನು ಇಡೀ ಪುಟದ ಉದ್ದಕ್ಕೆ ಒಂದೇ ಮನೆಯಲ್ಲಿ ನಿಲ್ಲಿಸಿದ್ದರು. ಹಿಂದಿನ ವರ್ಷವಾಗಿದ್ದರೆ ನೋಡಿದ ತಕ್ಷಣ ವಾಪಸ್. ಮ್ಯಾಕ್ರೊ ಓಡಿಸಿದೆ, ಅಕ್ಕಿ ಹಸನಾದಂತೆ ಹಾಳೆ ಹಸನಾಯಿತು. ಮಾತು ಉಳಿಸಿಕೊಂಡೆ ಎಂದು ಬೀಗಿದೆ.

ಒಂದು ಗುರುವಾರ ಪಟ್ಟಿ ಮುಗಿಯಿತು. ಸಾಹೇಬರು ಪುಟ ಪುಟ ತಿರುವಿ, ಅಕಾರಾದಿ ನೋಡಿ ತಲೆದೂಗಿ ಸಹಿ ಮಾಡಿದರು. ಕಡತ ಮೇಲಿನ ನಿರ್ದೇಶಕರ ಕಚೇರಿಗೆ ಹೋಯಿತು. ಸೋಮವಾರ ಸಭೆ. ಊಟವಾದ ಮೇಲೆ ಹಾಯಾಗಿ ಕೂತು, ನೇಗಿಯವರಿಗೆ ಒಂದು ಫೋನ್ ಮಾಡಿ ತಿಳಿಸೋಣ ಎಂದು ಅವರ ಕೇಂದ್ರದ ಹೆಸರು ಹುಡುಕಿದೆ. ಕೆಟ್ಟವುಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಒಟ್ಟು ಹಾಳೆಯಲ್ಲಿ ನೋಡಿದೆ. ಆ ಕೇಂದ್ರದ ಎದುರು 'ನಡೆಯುತ್ತಿದೆ' ಎಂದಿತ್ತು.

ಮೂಲ ಹಾಳೆ ತೆರೆದೆ. ಮೊದಲ ಸಾಲಿನ ಕೇಂದ್ರದ ಎದುರು 'ಕೆಟ್ಟಿದೆ' ಎಂದು ಬರೆದು, ಅದರ ಕೆಳಗಿನ ನೇಗಿಯವರ ಕೇಂದ್ರಕ್ಕೆ ಅವರು '-ಡೂ-' ಎಂದು ಹಾಕಿದ್ದರು. ಹಳೇ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಮೇಲಿನ ಸಾಲಿನಲ್ಲಿ ಬರೆದದ್ದನ್ನೇ ಮತ್ತೆ ಬರೆಯುವ ಬದಲು ಎರಡು ಗೆರೆಗಳ ನಡುವೆ ಡೂ ಎಂದು ಹಾಕಿಬಿಡುವುದು. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ 'ಸದರಿ' ಎಂದು ಬರೆಯುತ್ತಿದ್ದರಲ್ಲ, ಅದೇ ಪದ್ಧತಿ. ಇದು ನನಗೆ ಗೊತ್ತಿದ್ದದ್ದೇ. '-ಡೂ-' ಕಂಡಲ್ಲಿ ಮೇಲಿನ ಮನೆಯಲ್ಲಿದ್ದದ್ದನ್ನು ತಂದು ತುಂಬಿಸು ಎಂದು ಮ್ಯಾಕ್ರೊಗೆ ಹೇಳಿಯೂ ಇದ್ದೆ. ಆದರೆ ಸಾಹೇಬರಿಗಾಗಿ ಸೇರಿಸಿದ ಜೋಡಿಸುವ ಸಾಲು ಅದಕ್ಕಿಂತ ಮೊದಲಿತ್ತು. ಮ್ಯಾಕ್ರೊ ಮೊದಲು ಎಲ್ಲ ಕೇಂದ್ರಗಳನ್ನು ಅಕಾರಾದಿಯಾಗಿ ಜೋಡಿಸಿತು. ನೇಗಿಯವರ ಸಾಲು ತನ್ನ ಜಾಗ ಬಿಟ್ಟು, ಸರಿಯಾದ ಫ್ರಿಜ್ಜು ಇದ್ದ ಯಾವುದೋ ಕೇಂದ್ರದ ಕೆಳಗೆ ಹೋಗಿ ಕೂತಿತು. ಆಮೇಲೆ ಮ್ಯಾಕ್ರೊ ಆ ಕೇಂದ್ರದ 'ನಡೆಯುತ್ತಿದೆ'ಯನ್ನು ತಂದು ಇವರ ಮನೆಗೆ ತುಂಬಿಸಿತು.

ಹಾಗಾದರೆ ಇವರೊಬ್ಬರದೇ ಅಲ್ಲ. ದೇಶದ ಯಾವ ಯಾವ ಹಾಳೆಯಲ್ಲಿ '-ಡೂ-' ಇತ್ತೋ ಅಲ್ಲೆಲ್ಲ ಯಾರದೋ ಸ್ಥಿತಿ ಯಾರದೋ ಕೊರಳಿಗೆ ಬಿದ್ದಿರುತ್ತದೆ. ಎದ್ದು ನೇರ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಡತ ಹಿಂದಕ್ಕೆ ತರಿಸಬೇಕು ಎಂದೆ.

ಅವರು ಸಮಾಧಾನವಾಗಿಯೇ ಹೇಳಿದರು: "ಮೇಡಮ್, ಸಹಿ ಆಗಿದೆ. ಆ ಪಹಾಡಿ ಕೇಂದ್ರದ್ದು ಒಂದು ಸಾಲು ತಾನೆ? ಒಂದು ಚೀಟಿ ಬರೆದು ಕಳಿಸೋಣ, ಅವರೇ ಕೈಯಲ್ಲಿ ಸೇರಿಸ್ಕೊಳ್ತಾರೆ. ಚಲೋ, ಮುಗೀತು."

ಒಪ್ಪಿಬಿಡಬಹುದಿತ್ತು. ನೇಗಿಯವರಿಗೆ ಫ್ರಿಜ್ಜು ಸಿಗುತ್ತಿತ್ತು, ಸಾಹೇಬರ ಹೆಮ್ಮೆ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ನಾನು ಒಪ್ಪಲಿಲ್ಲ.

"ಸರ್, ಅವರು ಫೋನ್ ಮಾಡಿದ್ದಕ್ಕೆ ಅವರದ್ದು ನನಗೆ ಗೊತ್ತಾಯ್ತು," ಅಂದೆ. "ಫೋನ್ ಮಾಡದೆ ಇರೋರದ್ದು ಏನು ಮಾಡೋಣ?"

ನಾನು ಕದಲಲಿಲ್ಲ. ಹೊರಗೆ ಹೋಗಿ ಎಂದಿದ್ದರೆ ಹೋಗುತ್ತಿರಲಿಲ್ಲ, ಅಷ್ಟು ಪಟ್ಟು ಹಿಡಿದಿದ್ದೆ. ಸಹಿ ಮಾಡಿದ ಪೆನ್ನು ಮೇಜಿನ ಮೇಲೇ ಇತ್ತು. ಅವರು ಅದರ ಮುಚ್ಚಳ ತೆಗೆದರು, ಹಾಕಿದರು. ಸೋಮವಾರದೊಳಗೆ ಆಗುತ್ತದೆಯೇ ಎಂದು ಕೇಳಿದರು. ಶನಿವಾರ ಕಚೇರಿ ತೆರೆಸಿಕೊಟ್ಟರೆ ಆಗುತ್ತದೆ ಎಂದೆ. ಕಡತ ತರಲು ಪ್ಯೂನನ್ನು ಕರೆಯುತ್ತಾರೆ ಅಂದುಕೊಂಡೆ. ಕರೆಯಲಿಲ್ಲ. ಕೋಟು ತೊಟ್ಟು, ತಾವೇ ಮೆಟ್ಟಿಲು ಹತ್ತಿ ಹೋದರು. ಅರ್ಧ ಗಂಟೆಯ ಮೇಲೆ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಮೇಲೆ ಏನೇನು ಕೇಳಿಸಿಕೊಂಡರೋ ನನಗೆ ಯಾವತ್ತೂ ಹೇಳಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಕೆಲಸ ಶುರುವಾಯಿತು. ಮ್ಯಾಕ್ರೊದ ಹಂತಗಳ ಕ್ರಮವನ್ನು ತಿರುಗಿಸಿದೆ. ಎಲ್ಲಕ್ಕಿಂತ ಮೊದಲು ಪ್ರತಿ ಸಾಲಿಗೂ ಬಂದ ಕ್ರಮದಲ್ಲಿ ಒಂದು ಅಂಕಿ ಹಾಕು. ಆಮೇಲೆ ಒಂದಾದ ಮನೆಗಳನ್ನು ಬಿಡಿಸು. ಆಮೇಲೆ '-ಡೂ-'ಗಳನ್ನೂ ಖಾಲಿ ಬಿಟ್ಟ ಮನೆಗಳನ್ನೂ ತುಂಬಿಸು. ಎಲ್ಲ ತುಂಬಿದ ಮೇಲೆ, ಕಟ್ಟಕಡೆಗೆ ಜೋಡಿಸು. ಬರೆಯುವುದು ಬೇಗ ಮುಗಿಯಿತು. ಆದರೆ ಈಗ ಅದನ್ನು ನಂಬುವುದು ಹೇಗೆ? ಒಮ್ಮೆ ನಂಬಿ ಮೋಸ ಹೋಗಿದ್ದೆ.

ಶನಿವಾರ ಬೆಳಗ್ಗೆ ಹೋದರೆ ಹರೀಶ್‌ಜಿ ನನಗಿಂತ ಮೊದಲೇ ಬಂದು ಕೂತಿದ್ದರು. ಯಾರೂ ಕರೆದಿರಲಿಲ್ಲ. ಟೈಪಿಸ್ಟರು ತಮ್ಮ ಕೆಲಸವನ್ನು ಪರೀಕ್ಷಿಸುವ ಹಳೆಯ ಕ್ರಮವೊಂದಿದೆ: ಒಬ್ಬರು ಮೂಲವನ್ನು ಕೂಗಿ ಓದುವುದು, ಇನ್ನೊಬ್ಬರು ಹೊಸತರಲ್ಲಿ ಬೆರಳಿಟ್ಟು ನೋಡುವುದು. "ನೀವು ಗುಂಡಿ ಒತ್ತಿ, ನಾನು ಓದ್ತೀನಿ" ಎಂದರು. ಇಡೀ ದಿನ ಓದಿದರು. '-ಡೂ-' ಬಂದ ಕಡೆಯೆಲ್ಲ ದನಿ ಎತ್ತರಿಸುತ್ತಿದ್ದರು, ನಾನು ಹುಷಾರಾಗಲೆಂದು. ಬಿಹಾರದ ಹಾಳೆಯಲ್ಲಿ, ಒಡಿಶಾದ ಹಾಳೆಯಲ್ಲಿ, ನಮ್ಮ ಕರ್ನಾಟಕದ್ದರಲ್ಲೂ '-ಡೂ-' ಇತ್ತು. ಹಳೇ ಪಟ್ಟಿಯಲ್ಲಿ ಎಷ್ಟೊಂದು ಕಡೆ ತಪ್ಪಾಗಿತ್ತೆಂದು ಸಾಲು ಸಾಲಾಗಿ ಕಾಣುತ್ತ ಹೋಯಿತು. ಹೊಸ ಪಟ್ಟಿಯಲ್ಲಿ ಒಂದೂ ತಪ್ಪಲಿಲ್ಲ. ಮಧ್ಯಾಹ್ನ ನಾನು ಡಬ್ಬಿ ತೆಗೆದೆ. ಅವರು ಕೇಳದೆಯೇ ಚಿತ್ರಾನ್ನಕ್ಕೆ ಕೈ ಹಾಕಿದರು.

ಸೋಮವಾರ ಬೆಳಗ್ಗೆ, ಸಭೆಗೆ ಮೊದಲೇ, ಸಾಹೇಬರು ಹೊಸ ಪಟ್ಟಿಗೆ ಸಹಿ ಮಾಡಿದರು. ಈ ಸಲ ಅಕಾರಾದಿ ನೋಡಲಿಲ್ಲ. ಮೂಲ ಹಾಳೆಗಳನ್ನು ತರಿಸಿಕೊಂಡು, ಅಲ್ಲೊಂದು ಇಲ್ಲೊಂದು ಸಾಲು ಹಿಡಿದು ತಾಳೆ ನೋಡಿ ಆಮೇಲೆ ಸಹಿ ಹಾಕಿದರು. ಹೊಸಬರು ಬಂದಾಗ ತಮ್ಮ ಕಡತ ತಿರುಗಿ ಬಂದಿಲ್ಲ ಎಂದು ಹೇಳುವುದನ್ನು ನಿಲ್ಲಿಸಿದರು. ಅದರ ಬದಲು ನನ್ನ ಮೇಜು ತೋರಿಸಿ, ಮೂಲ ಹಾಳೆ ಎಲ್ಲಿದೆ ಎಂದು ಮೊದಲು ಕೇಳುವುದನ್ನು ಕಲಿಯಿರಿ ಅನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ವೆಬ್‌ಸೈಟ್ ಬಂತು. ಎಲ್ಲರೂ ನೇರವಾಗಿ ಅದರಲ್ಲೇ ತುಂಬಬೇಕು, '-ಡೂ-' ಎಂದು ಬರೆಯಲು ಅದು ಬಿಡುವುದೇ ಇಲ್ಲ. ನನ್ನ ಮೊರ, ಜರಡಿ, ಮೆಟ್ಟುಗತ್ತಿ ಎಲ್ಲವೂ ಮೂಲೆ ಸೇರಿದವು. ನನಗೆ ದುಃಖವಾಗಲಿಲ್ಲ, ಒಳ್ಳೆಯದೇ ಆಯಿತು. ಆದರೆ ಪಕ್ಕದ ಮನೆಯ ಹುಡುಗಿಯ ಮಾತು ಕೇಳಿದರೆ, ಅಂಟಿಸುವವರು ಈಗಲೂ ಅಂಟಿಸುತ್ತಲೇ ಇದ್ದಾರೆ. ಅವಳಿಗೆ ನಾನು ಹೇಳುವುದಿಷ್ಟೇ: ಅದನ್ನು ಕಸ ಅನ್ನಬೇಡಮ್ಮ. ಆ ಹಾಳೆಯ ಒಂದೊಂದು ಸಾಲಿನ ಹಿಂದೆ ಯಾರೋ ಒಬ್ಬರು ಕಾಯುತ್ತ ಕೂತಿರುತ್ತಾರೆ. ಅವರು ಹೇಗೆ ಬರೆದರು ಎಂದು ಮೂಗು ಮುರಿಯುವ ಮೊದಲು, ಏನು ಹೇಳಿದ್ದಾರೆ ಎಂದು ನೋಡು.

ಆ ವರ್ಷ ಚಳಿ ಶುರುವಾದ ಮೇಲೆ ನೇಗಿಯವರ ಫೋನ್ ಬಂತು. ದಾರಿ ಮುಚ್ಚುವ ಮೊದಲೇ ಲಾರಿ ತಲುಪಿತ್ತು. ಫ್ರಿಜ್ಜು ಬಂದು, ಚಳಿಗಾಲದ ಲಸಿಕೆಯೂ ಒಳಗೆ ಸೇರಿತ್ತು. ನನಗೆ ಕೇಳಿಸಬೇಕೆಂದು ರಿಸೀವರನ್ನು ಫ್ರಿಜ್ಜಿನ ಹತ್ತಿರ ಹಿಡಿದರು. ಲೈನಿನ ಗೊರಗೊರ ಬಿಟ್ಟು ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿತು ಎಂದೆ. ಕಣ್ಣು ಮಂಜಾಗಿತ್ತು, ಹರೀಶ್‌ಜಿ ನೋಡಿಯೂ ನೋಡದ ಹಾಗೆ ಟೈಪ್ ಮಾಡುತ್ತಿದ್ದರು.

ಫೋನ್ ಇಡುವ ಮೊದಲು ನೇಗಿಯವರು ಇನ್ನೊಂದು ವಿಷಯ ಹೇಳಿದರು. ಅದೇ ಲಾರಿಯಲ್ಲಿ, ಹೊಳೆಯಾಚೆಯ ಕೊನೆಯ ಕೇಂದ್ರಕ್ಕೂ ಒಂದು ಫ್ರಿಜ್ಜು ಬಂದಿತ್ತು. ಅಲ್ಲಿರುವ ಕಂಪೌಂಡರಿಗೆ ಫೋನೇ ಇಲ್ಲ, ದಿಲ್ಲಿಯಲ್ಲಿ ಯಾರ ಪರಿಚಯವೂ ಇಲ್ಲ. ತಾನಾದರೂ ಫೋನ್ ಮಾಡಿ ಹೇಳಿಕೊಂಡಿದ್ದೆ, ಅವನ ಪರವಾಗಿ ನಿಮಗೆ ಹೇಳಿದವರು ಯಾರು ಎಂದು ಅವರಿಗೆ ಆಶ್ಚರ್ಯ.

"ನೀವೇ ಹೇಳಿದಿರಿ, ನೇಗಿಜಿ," ಅಂದೆ. "ನಿಮ್ಮ ಹಾಳೆಯಲ್ಲಿ, ನಿಮ್ಮ ಸಾಲಿನ ಕೆಳಗೆ ಅವರದ್ದಕ್ಕೂ '-ಡೂ-' ಅಂತ ಬರೆದಿದ್ರಿ."